ಸೋತೆತ್ತಿನ ಬಾಲವನ್ನು ಬಿಡದವರು

ಗೆದ್ದೆತ್ತಿನ ಬಾಲವನ್ನು ಹಿಡಿಯುವುದು ಲೋಕರೂಢಿ. ಅಧಿಕಾರದಲ್ಲಿರುವವನ ಮನೆಯ ಅಂಗಳವು ಎಂದೂ ಬರಿದಾಗಿರುವುದಿಲ್ಲ. ಅಧಿಕಾರವು ಹೋದ ಮರುದಿನ ಅದೇ ಅಂಗಳದಲ್ಲಿ ಕುಶಲಪ್ರಶ್ನೆ ಮಾಡುವವನೂ ದೊರೆಯುವುದಿಲ್ಲ. ವ್ಯಾಪಾರದಲ್ಲಿಯೂ ಹೀಗೆಯೇ, ರಾಜಕಾರಣದಲ್ಲಿಯೂ ಹೀಗೆಯೇ. ಕ್ರೀಡೆಯ ವಿಷಯದಲ್ಲಂತೂ ಹೇಳತಕ್ಕುದೇನು? ಆದರೆ ಈ ರೂಢಿಗೆ ಬೆನ್ನು ತಿರುಗಿಸಿ ನಿಂತ ಒಂದು ಪಂಗಡವು ಲೋಕದಲ್ಲಿ ಉಂಟು. ಸೋತೆತ್ತಿನ ಬಾಲವನ್ನು ಹಿಡಿದು, ಅದು ಮತ್ತೆ ಸೋಲಬಹುದೆಂದು ತಿಳಿದಿದ್ದರೂ ಬಿಡದೆ, ಮಳೆಯಲ್ಲಿಯೂ ಚಳಿಯಲ್ಲಿಯೂ ಅದರ ಹಿಂದೆ ನೂರಾರು ಮೈಲಿ ಹೋಗಿ ಬರುವ ಜನರು ಅವರು. ಇಂಗ್ಲೆಂಡಿನ ಸಣ್ಣ ಊರುಗಳ ಕಾಲ್ಚೆಂಡಿನ ತಂಡಗಳ ಅಭಿಮಾನಿಗಳನ್ನು ಕುರಿತು ನಾವು ಈ ಮಾತನ್ನು ಹೇಳುತ್ತಿದ್ದೇವೆ.

ಪರದೇಶದ ಚೆಂಡಾಟಕ್ಕೂ ಕನ್ನಡ ಪತ್ರಿಕೆಯ ಈ ಪುಟಕ್ಕೂ ಏನು ಸಂಬಂಧವೆಂದು ಕೆಲವರು ವಾಚಕರು ಹುಬ್ಬುಗಂಟಿಕ್ಕಬಹುದು. ಆ ಪೂರ್ವಪಕ್ಷಕ್ಕೆ ನಮ್ಮ ಸಮಾಧಾನವು ಇಷ್ಟು: ಒಂದು ಊರಿನ ಸಾರ್ವಜನಿಕ ಸಂಸ್ಥೆಯು ಯಾರಿಗೆ ಸೇರಿದ್ದು? ಅದರ ಕಾಗದಪತ್ರಗಳಲ್ಲಿ ಹೆಸರು ಬರೆಯಿಸಿಕೊಂಡವನಿಗೋ, ಅಥವಾ ಅದು ಸೋತ ದಿನವೂ ಅದರ ಬಾಗಿಲಿಗೆ ಬಂದು ನಿಂತವನಿಗೋ? ಈ ಪ್ರಶ್ನೆಯು ನಮ್ಮ ವಾಚನಾಲಯಗಳಿಗೂ ಸಹಕಾರ ಸಂಘಗಳಿಗೂ ಪುರಸಭೆಗಳಿಗೂ ಸಮವಾಗಿ ಅನ್ವಯಿಸುತ್ತದೆ. ಅದಕ್ಕೆ ಇಂಗ್ಲೆಂಡಿನ ಆ ಸಾಮಾನ್ಯ ಜನರು ತಮ್ಮ ಕಾಲುಗಳಿಂದಲೂ ಕೈಹಣದಿಂದಲೂ ಕೊಟ್ಟಿರುವ ಉತ್ತರವು ವಿಚಾರಾರ್ಹವಾಗಿದೆ.

ತೊಂಬತ್ತೆರಡು ತಂಡಗಳು

ನಮ್ಮ ತರುಣರಿಗೆ ಇಂಗ್ಲೆಂಡಿನ ಕಾಲ್ಚೆಂಡೆಂದರೆ ಮ್ಯಾಂಚೆಸ್ಟರ್, ಲಿವರ್‌ಪೂಲ್, ಆರ್ಸೆನಲ್ ಎಂಬ ನಾಲ್ಕಾರು ಹೆಸರುಗಳು ಮಾತ್ರ. ಬೆಂಗಳೂರಿನಲ್ಲಿಯೂ ಮಂಗಳೂರಿನಲ್ಲಿಯೂ ಅರ್ಧರಾತ್ರಿಯವರೆಗೆ ಎಚ್ಚತ್ತಿದ್ದು ಆ ತಂಡಗಳ ಆಟವನ್ನು ನೋಡುವವರೂ, ಅವುಗಳ ಅಂಗಿಯನ್ನು ಕೊಂಡು ತೊಡುವವರೂ ಹಲವರು. ಆದರೆ ಆ ದೇಶದ ವೃತ್ತಿಪರ ಕಾಲ್ಚೆಂಡಿನ ವ್ಯವಸ್ಥೆಯು ಗೋಪುರದಂತಿರುವುದು. ಶಿಖರದಲ್ಲಿ ಪ್ರೀಮಿಯರ್ ಲೀಗಿನ 20 ತಂಡಗಳು. ಅದರ ಕೆಳಗೆ ಮೂರು ಅಂತಸ್ತುಗಳಲ್ಲಿ ಅಂತಸ್ತಿಗೆ 24ರಂತೆ 72 ತಂಡಗಳು. ಒಟ್ಟು 92. ಅವುಗಳ ಕೆಳಗೂ ಅಂತಸ್ತಿನ ಮೇಲೆ ಅಂತಸ್ತಾಗಿ ನೂರಾರು ಸಣ್ಣ ತಂಡಗಳಿವೆ. ಚೆನ್ನಾಗಿ ಆಡಿದ ತಂಡವು ವರ್ಷಾಂತ್ಯಕ್ಕೆ ಒಂದು ಮೆಟ್ಟಿಲು ಮೇಲೇರುವುದು. ಕೆಟ್ಟದಾಗಿ ಆಡಿದ್ದು ಒಂದು ಮೆಟ್ಟಿಲು ಕೆಳಗಿಳಿಯುವುದು. ಈ ಏರಿಳಿತದಿಂದ ಯಾರಿಗೂ ವಿನಾಯಿತಿಯಿಲ್ಲ.

ಆ 72 ತಂಡಗಳಲ್ಲಿ ಒಂದೊಂದಕ್ಕೂ ವರ್ಷಕ್ಕೆ 46 ಲೀಗ್ ಪಂದ್ಯಗಳುಂಟು. 23 ಸ್ವಸ್ಥಳದಲ್ಲಿ, 23 ಪರಸ್ಥಳದಲ್ಲಿ. ‘ಮನೆ ಗೆದ್ದು ಮಾರು ಗೆಲ್ಲು’ ಎಂಬ ನಮ್ಮ ಗಾದೆಯು ಅವರಿಗೆ ಅಕ್ಷರಶಃ ಪಂದ್ಯಗಳ ಪಟ್ಟಿಯೇ ಆಗಿದೆ. ಸ್ವಸ್ಥಳದ ಪಂದ್ಯವನ್ನು ನೋಡುವುದು ದೊಡ್ಡ ವ್ರತವೇನೂ ಅಲ್ಲ. ಊಟ ಮಾಡಿ ನಡೆದುಹೋಗಿ ಸಂಜೆಗೆ ಮನೆಗೆ ಬರಬಹುದು. ಆ ಪರಸ್ಥಳದ 23 ದಿನಗಳೇ ನಿಜವಾದ ಅಭಿಮಾನಿಯ ಒರೆಗಲ್ಲು.

ಇದಕ್ಕೆ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ನೈರುತ್ಯದ ಡೆವನ್ ಪ್ರಾಂತದಲ್ಲಿ ಎಕ್ಸಿಟರ್ ಎಂಬ ಪ್ರಾಚೀನ ಪಟ್ಟಣವಿದೆ. ಉತ್ತರದ ಲ್ಯಾಂಕಾಶೈರಿನಲ್ಲಿ ಆಕ್ರಿಂಗ್ಟನ್ ಎಂಬ ಸಣ್ಣ ಊರಿದೆ. ನಡುವಣ ದೂರವು ಸುಮಾರು 250 ಮೈಲಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವಷ್ಟು. 2012ರಿಂದ 2018ರವರೆಗೆ ಎಕ್ಸಿಟರ್ ಸಿಟಿ, ಆಕ್ರಿಂಗ್ಟನ್ ಸ್ಟ್ಯಾನ್ಲಿ ಎಂಬ ಈ ಎರಡು ತಂಡಗಳೂ ನಾಲ್ಕನೆಯ ಅಂತಸ್ತಿನಲ್ಲಿ ಕೂಡಿ ಆಡಿದವು. 2022–23ರಲ್ಲಿ ಮೂರನೆಯ ಅಂತಸ್ತಿನಲ್ಲಿ ಮತ್ತೆ ಸಂಧಿಸಿದವು. ಆ ವರ್ಷಗಳಲ್ಲಿ ಎಕ್ಸಿಟರಿನ ಅಭಿಮಾನಿಯ ಒಂದು ದಿನವು ಹೇಗಿರುತ್ತಿತ್ತೆಂಬುದನ್ನು ವಾಚಕರು ಊಹಿಸಿಕೊಳ್ಳಲಿ.

ಒಂದು ಶನಿವಾರದ ಯಾತ್ರೆ

ಚಳಿಗಾಲದ ಶನಿವಾರ. ಸೂರ್ಯೋದಯಕ್ಕೆ ಮುಂಚೆಯೇ ಬಸ್ಸು ಹೊರಡಬೇಕು. ಅದರಲ್ಲಿ ವಿದ್ಯಾರ್ಥಿಯಿದ್ದಾನೆ, ಅಂಚೆಯವನಿದ್ದಾನೆ, ನಿವೃತ್ತ ಉಪಾಧ್ಯಾಯನಿದ್ದಾನೆ, ಮೊಮ್ಮಗನ ಕೈ ಹಿಡಿದ ಅಜ್ಜಿಯೂ ಇದ್ದಾಳೆ. ಐದು ಗಂಟೆಗಳ ಹಾದಿ. ಬಸ್ಸಿನಲ್ಲಿ ಮದ್ಯವನ್ನು ಮುಟ್ಟುವಂತಿಲ್ಲ. 1985ರ ಶಾಸನವು ಪಂದ್ಯಕ್ಕೆ ಹೋಗುವ ಇಂತಹ ವಾಹನಗಳಲ್ಲಿ ಅದನ್ನು ನಿಷೇಧಿಸಿದೆ. ಆಟದ ಬಯಲು ಕಾಣುವ ಸ್ಥಳದಲ್ಲಿ ಕುಡಿಯುವುದನ್ನೂ ತಡೆದಿದೆ. ಪಾನನಿರೋಧವು ಅಸಾಧ್ಯವೆಂದು ನಮಗೆ ಉಪದೇಶಿಸುವ ಪಂಡಿತರು ಈ ಸಂಗತಿಯನ್ನು ಗಮನಿಸಬೇಕು.

ಮಧ್ಯಾಹ್ನ 3 ಗಂಟೆಗೆ ಆಟದ ಆರಂಭ. ಶನಿವಾರ 2-45ರಿಂದ 5-15ರವರೆಗೆ ಆ ದೇಶದೊಳಗೆ ಯಾವ ಪಂದ್ಯವನ್ನೂ ದೂರದರ್ಶನದಲ್ಲಿ ನೇರವಾಗಿ ತೋರಿಸಕೂಡದೆಂಬ ಕಟ್ಟಳೆಯೊಂದುಂಟು. ಆಕ್ರಿಂಗ್ಟನ್ನಿನ ನೆರೆಯ ಊರಾದ ಬರ್ನ್ಲಿಯ ತಂಡದ ಅಧ್ಯಕ್ಷ ಬಾಬ್ ಲಾರ್ಡ್ ಎಂಬವರು 1960ರ ದಶಕದಲ್ಲಿ ಇದಕ್ಕಾಗಿ ಹಟ ಹಿಡಿದರು. ದೊಡ್ಡ ತಂಡಗಳ ಆಟವು ಮನೆಯಲ್ಲಿಯೇ ಕಾಣಸಿಕ್ಕರೆ ಸಣ್ಣ ಊರಿನ ಮೈದಾನಕ್ಕೆ ಯಾರೂ ಬರಲಾರರೆಂಬುದು ಅವರ ವಾದ. ಬಲಿಷ್ಠರ ವ್ಯಾಪಾರಕ್ಕೆ ವಾರಕ್ಕೆ ಎರಡೂವರೆ ಗಂಟೆಗಳ ಕಾಲ ಕದವಿಕ್ಕಿ ದುರ್ಬಲರ ಹೊಟ್ಟೆಯನ್ನು ಕಾಪಾಡುವ ಈ ಕಟ್ಟಳೆಯನ್ನು ಸ್ವದೇಶೀ ವ್ರತದ ಒಂದು ರೂಪವೆಂದು ನಾವು ಕರೆದರೆ ತಪ್ಪಾಗಲಾರದು.

ಆಕ್ರಿಂಗ್ಟನ್ನಿನ ಮೈದಾನವು ದೊಡ್ಡದಲ್ಲ; ಐದು ಸಾವಿರ ಚಿಲ್ಲರೆ ಜನರಿಗೆ ಅವಕಾಶ. ಸುತ್ತಲೂ ಹಂಚಿನ ಮನೆಗಳ ಸಾಲುಗಳು, ಅವುಗಳ ಮೇಲೆ ಗುಡ್ಡಗಳ ಹಸುರು. ಪರಸ್ಥಳದವರಿಗೆ ಗೊತ್ತುಮಾಡಿದ ಕೊನೆಯಲ್ಲಿ ಕಾಂಕ್ರೀಟಿನ ಮೆಟ್ಟಿಲುಗಳು ಮಾತ್ರ. ಆ ವರ್ಷಗಳಲ್ಲಿ ಅವುಗಳ ಮೇಲೆ ಮಾಡಿರಲಿಲ್ಲ. 1989ರ ಹಿಲ್ಸ್‌ಬರೊ ದುರಂತದಲ್ಲಿ ನೂಕುನುಗ್ಗಲಿಗೆ ಸಿಕ್ಕಿ 97 ಜನರು ಪ್ರಾಣ ಕಳೆದುಕೊಂಡ ಬಳಿಕ, ಮೇಲಿನ ಎರಡು ಅಂತಸ್ತುಗಳ ಮೈದಾನಗಳಲ್ಲಿ ಎಲ್ಲರೂ ಕುಳಿತೇ ನೋಡಬೇಕೆಂಬ ನಿಯಮವು ಬಂದಿತು. ಕೆಳಗಿನವುಗಳಲ್ಲಿ ನಿಲ್ಲುವ ಮೆಟ್ಟಿಲುಗಳು ಉಳಿದುಕೊಂಡವು. ಆದುದರಿಂದ ಡೆವನ್ನಿನಿಂದ ಬಂದವರು ಎರಡು ಗಂಟೆಗಳ ಕಾಲ ಭುಜಕ್ಕೆ ಭುಜ ತಾಗಿಸಿ, ಆಕಾಶವನ್ನೇ ಸೂರು ಮಾಡಿಕೊಂಡು ನಿಂತಿರುತ್ತಿದ್ದರು. ಲ್ಯಾಂಕಾಶೈರಿನ ಮಳೆ ಪ್ರಸಿದ್ಧವಾದುದು. ನೂಲು ಕಡಿಯದಂತೆ ತೇವವನ್ನು ಒದಗಿಸಿ ಅಲ್ಲಿ ಹತ್ತಿಯ ಗಿರಣಿಗಳನ್ನು ಬೆಳೆಯಿಸಿದ್ದು ಆ ಮಳೆಯೇ. ಈಗ ಅದು ಅತಿಥಿಗಳ ತಲೆಯನ್ನು ತೋಯಿಸುತ್ತಿತ್ತು. ಕೈಯಲ್ಲಿ ಮಾಂಸವನ್ನು ತುಂಬಿ ಬೇಯಿಸಿದ ‘ಪೈ’ ಎಂಬ ತಿನಿಸು, ‘ಬಾವ್ರಿಲ್’ ಎಂಬ ಮಾಂಸರಸದ ಬಿಸಿ ಪಾನೀಯ. ಶಾಕಾಹಾರಿಗಳಾದ ನಮ್ಮ ವಾಚಕರು ಮೂಗು ಮುಚ್ಚಿಕೊಳ್ಳಬಹುದು. ಆದರೆ ಆ ಚಳಿಯಲ್ಲಿ ಅದು ಪಾನಕಕ್ಕೆ ಸಮಾನವೆಂದು ಬಲ್ಲವರು ಹೇಳುತ್ತಾರೆ.

ಆಟದಲ್ಲಿ ಎಕ್ಸಿಟರ್ ಗೆದ್ದರೆ ಸಂತೋಷ. ಸೋತರೆ ಮತ್ತೆ 250 ಮೈಲಿ, ತೋಯ್ದ ಬಟ್ಟೆ, ರಾತ್ರಿ ಹತ್ತು ಗಂಟೆ ಮೀರಿದ ಮೇಲೆ ಮನೆಯ ದೀಪ. ಮುಂದಿನ ಪಂದ್ಯಕ್ಕೆ ಅದೇ ಬಸ್ಸಿನಲ್ಲಿ ಅದೇ ಮುಖಗಳು! ಗೀತೆಯ ಶ್ಲೋಕಗಳನ್ನು ಬಾಯಿಪಾಠ ಮಾಡಿ ಸಭೆಗಳಲ್ಲಿ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡುವುದೆಂದರೇನೆಂದು ಗೀತೆಯ ಹೆಸರನ್ನೇ ಕೇಳದ ಈ ಜನರು ಪರಸ್ಥಳಕ್ಕೆ ಹೋದ 23 ದಿನಗಳಲ್ಲಿಯೂ ತೋರಿಸಿಕೊಟ್ಟರು.

ಈ ಚಿತ್ರದಲ್ಲಿ ಕಪ್ಪು ಬಣ್ಣವೇ ಇಲ್ಲವೆಂದು ನಾವು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. 1970 ಮತ್ತು 1980ರ ದಶಕಗಳಲ್ಲಿ ಇಂಗ್ಲಿಷ್ ಅಭಿಮಾನಿಗಳಲ್ಲಿ ಒಂದು ಪುಂಡರ ಗುಂಪು ರೈಲುಗಳನ್ನು ಒಡೆದು, ಊರೂರುಗಳಲ್ಲಿ ಹೊಡೆದಾಡಿ ತಮ್ಮ ದೇಶದ ಹೆಸರನ್ನು ಕೆಡಿಸಿತು. 1985ರ ಮೇ 29ರಂದು ಬ್ರಸೆಲ್ಸಿನ ಹೈಸೆಲ್ ಕ್ರೀಡಾಂಗಣದಲ್ಲಿ ಅಂತಹ ಗಲಭೆಯಿಂದ 39 ಜನರು ಸತ್ತರು. ಕರಿಯ ಆಟಗಾರರನ್ನು ಅವಮಾನಿಸುವ ಕೂಗುಗಳು ಇಂದಿಗೂ ಪೂರ್ತಿಯಾಗಿ ಅಡಗಿಲ್ಲ. ಊರಿನ ಮೇಲಿನ ಪ್ರೇಮವು ಪರವೂರಿನ ಮೇಲಿನ ದ್ವೇಷವಾಗಿ ಕೆಡುವುದಕ್ಕೆ ಬಹಳ ಕಾಲ ಬೇಡ. ಇದು ರಾಷ್ಟ್ರಾಭಿಮಾನಿಗಳಾದ ನಾವೂ ನೆನಪಿನಲ್ಲಿಡತಕ್ಕ ಮಾತು.

ಅದೇ 1985ರ ಮೇ 11ರಂದು ಯಾರ್ಕ್‌ಶೈರಿನ ಬ್ರ್ಯಾಡ್‌ಫರ್ಡಿನಲ್ಲಿ ಮೂರನೆಯ ಅಂತಸ್ತಿನ ಪಂದ್ಯವೊಂದು ನಡೆಯುತ್ತಿರುವಾಗ ಹಳೆಯ ಮರದ ಚಾವಣಿಗೆ ಬೆಂಕಿ ತಗುಲಿ 56 ಜನರು ಅಸುನೀಗಿದರು. ಅವರಲ್ಲಿ ಇಬ್ಬರು ಎದುರಾಳಿ ಊರಾದ ಲಿಂಕನ್ನಿನಿಂದ ತಮ್ಮ ತಂಡದ ಬೆನ್ನು ಹತ್ತಿ ಬಂದವರು. ಲಿಂಕನ್ನಿನ ಜನರು ತಮ್ಮ ಮೈದಾನದ ಒಂದು ಪಾರ್ಶ್ವಕ್ಕೆ ಆ ಇಬ್ಬರ ಹೆಸರನ್ನೇ ಇಟ್ಟಿದ್ದಾರೆ. ರಾಜರಿಗೂ ಧನಿಕರಿಗೂ ಕಟ್ಟಡಗಳ ಮೇಲೆ ಹೆಸರು ಕೆತ್ತಿಸುವುದು ಎಲ್ಲ ದೇಶಗಳಲ್ಲಿಯೂ ಉಂಟು. ಟಿಕೆಟ್ಟು ಕೊಂಡು ಬಂದ ಇಬ್ಬರು ಸಾಮಾನ್ಯ ಪ್ರೇಕ್ಷಕರ ಹೆಸರನ್ನು ಇಡುವ ಊರು, ಸಂಸ್ಥೆಯು ಯಾರಿಗೆ ಸೇರಿದ್ದೆಂಬುದನ್ನು ಅರಿತ ಊರು.

ಗಿರಣಿಯ ಮಕ್ಕಳ ಆಟ

ಈ ನಿಷ್ಠೆಯು ಎಲ್ಲಿಂದ ಬಂದಿತು? ಅದರ ಬೇರು ಲ್ಯಾಂಕಾಶೈರಿನ ಹತ್ತಿಯ ಗಿರಣಿಗಳಲ್ಲಿದೆ. 1850ರ ಕಾರ್ಖಾನೆಗಳ ಶಾಸನವು ಬಟ್ಟೆಯ ಗಿರಣಿಗಳಲ್ಲಿ ಹೆಂಗಸರಿಗೂ ತರುಣ ಕೆಲಸಗಾರರಿಗೂ ಶನಿವಾರ ಮಧ್ಯಾಹ್ನ 2 ಗಂಟೆಗೆ ಬಿಡುವು ಕೊಡಬೇಕೆಂದು ವಿಧಿಸಿತು. ಕ್ರಮೇಣ ಆ ಅರ್ಧದಿನದ ಬಿಡುವು ಎಲ್ಲ ಕೆಲಸಗಾರರ ಹಕ್ಕಾಯಿತು. ಎರಡು ಗಂಟೆಗೆ ಕೆಲಸ ಮುಗಿಸಿದವನು ಮೂರು ಗಂಟೆಗೆ ಮೈದಾನದಲ್ಲಿರಬಹುದು. ಶನಿವಾರ ಮೂರು ಗಂಟೆಯ ಆಟವು ಹುಟ್ಟಿದ್ದು ಹೀಗೆ.

ಆ ವರೆಗೆ ಈ ಆಟದ ಯಜಮಾನಿಕೆಯು ಈಟನ್ ಮೊದಲಾದ ಶ್ರೀಮಂತರ ಶಾಲೆಗಳಲ್ಲಿ ಕಲಿತ ದೊಡ್ಡ ಮನುಷ್ಯರದ್ದಾಗಿತ್ತು. 1883ರಲ್ಲಿ ಲಂಡನ್ನಿನಲ್ಲಿ ನಡೆದ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡವು ಈಟನ್ನಿನ ಹಳೆಯ ವಿದ್ಯಾರ್ಥಿಗಳನ್ನು 2–1ರಿಂದ ಸೋಲಿಸಿತು. ಗೆದ್ದವರಲ್ಲಿ ನೇಯುವವರೂ ನೂಲುವವರೂ ಕಬ್ಬಿಣದ ಕಾರ್ಖಾನೆಯ ಕೂಲಿಗಳೂ ಇದ್ದರು. ಐದು ವರ್ಷಗಳ ಮೇಲೆ, 1888ರಲ್ಲಿ, ಲೋಕದ ಪ್ರಥಮ ಕಾಲ್ಚೆಂಡಿನ ಲೀಗ್ ಸ್ಥಾಪಿತವಾದಾಗ ಅದರ 12 ತಂಡಗಳಲ್ಲಿ ಆರು ಲ್ಯಾಂಕಾಶೈರಿನವು. ಆಕ್ರಿಂಗ್ಟನ್ ಅವುಗಳಲ್ಲಿ ಒಂದು.

ಲ್ಯಾಂಕಾಶೈರ್ ಎಂಬ ಹೆಸರು ನಮ್ಮ ಹಿರಿಯರ ಕಿವಿಗೆ ಇಂಪಾದುದಾಗಿರಲಿಲ್ಲ. ಅಲ್ಲಿನ ಯಂತ್ರದ ಬಟ್ಟೆಯು ಬಂದು ನಮ್ಮ ಊರೂರುಗಳ ಮಗ್ಗಗಳು ಮೂಲೆ ಸೇರಿದವು. ಆ ಬಟ್ಟೆಯ ರಾಶಿಗೆ ನಮ್ಮ ದೇಶಭಕ್ತರು ಬೀದಿಗಳಲ್ಲಿ ಬೆಂಕಿಯಿಟ್ಟರು. ಆದರೆ 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋದ ಮಹಾತ್ಮಾ ಗಾಂಧಿಯವರು ಏನು ಮಾಡಿದರು? ಆಕ್ರಿಂಗ್ಟನ್ನಿಗೆ ಕೆಲವೇ ಮೈಲಿ ದೂರದ ಡಾರ್ವೆನ್ನಿಗೆ ಹೋಗಿ, ಭಾರತದ ಬಹಿಷ್ಕಾರದಿಂದ ಪೆಟ್ಟು ತಿಂದ ಆ ಕೆಲಸಗಾರರ ನಡುವೆಯೇ ನಿಂತು, ನಮ್ಮ ಹಳ್ಳಿಗಳ ಬಡತನವನ್ನು ತಿಳಿಯ ಹೇಳಿದರು. ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ಕೈಯೆತ್ತಿ ಜಯಕಾರ ಮಾಡುವ ಭಾವಚಿತ್ರವನ್ನು ಈಗಲೂ ನೋಡಬಹುದು. ಆ ಕೂಲಿಗಳು ನಮ್ಮ ಶತ್ರುಗಳಲ್ಲವೆಂಬುದನ್ನು ಮಹಾತ್ಮರು ಕಂಡಿದ್ದರು. ನಮ್ಮ ನೇಕಾರನ ಮಗ್ಗವನ್ನು ನುಂಗಿದ ವ್ಯವಸ್ಥೆಯು ಅವರ ಊರನ್ನೂ ಒಂದು ದಿನ ನುಂಗುವುದಾಗಿತ್ತು.

ನುಂಗಿಯೂ ನುಂಗಿತು. ಎರಡನೆಯ ಮಹಾಯುದ್ಧದ ತರುವಾಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಹೊಗೆಗೊಳವೆಗಳು ಉರುಳಿದವು. ಆಕ್ರಿಂಗ್ಟನ್ನಿನಂತಹ ಊರುಗಳಲ್ಲಿ ಶನಿವಾರದ ಮಧ್ಯಾಹ್ನ ಎಲ್ಲರೂ ಒಂದೆಡೆ ಸೇರುವುದಕ್ಕೆ ಉಳಿದದ್ದು ಆ ಮೈದಾನವೊಂದು. ಅದೂ ಸುಲಭವಾಗಿ ಉಳಿಯಲಿಲ್ಲ. ಆಕ್ರಿಂಗ್ಟನ್ ಸ್ಟ್ಯಾನ್ಲಿ ತಂಡವು ಸಾಲದಲ್ಲಿ ಮುಳುಗಿ 1962ರ ಮಾರ್ಚಿನಲ್ಲಿ ಲೀಗಿಗೆ ರಾಜೀನಾಮೆಯಿತ್ತಿತು. ಮನಸ್ಸು ಬದಲಾಯಿಸಿ ರಾಜೀನಾಮೆಯನ್ನು ಹಿಂದಕ್ಕೆ ಕೇಳಿದಾಗ ಅಧಿಕಾರಿಗಳು ಕೊಡಲೊಪ್ಪಲಿಲ್ಲ. ಕೆಲವು ವರ್ಷಗಳಲ್ಲಿ ತಂಡವೇ ಅಳಿಯಿತು. 1968ರಲ್ಲಿ ಊರಿನವರು ಅದೇ ಹೆಸರಿನಿಂದ ಹೊಸ ತಂಡವನ್ನು ಕಟ್ಟಿ ಅತ್ಯಂತ ಕೆಳಗಿನ ಮೆಟ್ಟಿಲಿನಿಂದ ಹತ್ತತೊಡಗಿದರು. 2006ರಲ್ಲಿ ಅದು ಮತ್ತೆ ಲೀಗನ್ನು ಸೇರಿತು. 1962ರಲ್ಲಿ ಅದರ ಸ್ಥಾನವು ದೊರೆತದ್ದು ಆಕ್ಸ್‌ಫರ್ಡ್ ಯುನೈಟೆಡ್ ತಂಡಕ್ಕೆ. 2006ರಲ್ಲಿ ಲೀಗಿನಿಂದ ಕೆಳಗಿಳಿದದ್ದೂ ಅದೇ ಆಕ್ಸ್‌ಫರ್ಡ್! ಕಾಲಚಕ್ರವು ತಿರುಗುವುದೆಂದು ನಮ್ಮ ಪುರಾಣಿಕರು ಹೇಳುವುದು ಸುಳ್ಳಲ್ಲ. ಆದರೆ ಅದನ್ನು ಮಾನವ ಪ್ರಯತ್ನವೂ ಒಂದಿಷ್ಟು ನೂಕಬೇಕಾಗುವುದು. ಇಲ್ಲಿ ನೂಕುವುದಕ್ಕೆ 44 ವರ್ಷಗಳು ಬೇಕಾದವು.

ಒಡೆಯನಾರು?

ಇನ್ನು ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಕಾನೂನಿನ ದೃಷ್ಟಿಯಲ್ಲಿ ಇಂಗ್ಲೆಂಡಿನ ಒಂದು ಕಾಲ್ಚೆಂಡಿನ ತಂಡವೆಂದರೆ ಒಂದು ಕಂಪೆನಿ. ಪಾಲುಗಳನ್ನು ಕೊಂಡವನು ಅದರ ಯಜಮಾನ. ನೂರು ವರ್ಷ ಮಳೆಯಲ್ಲಿ ನಿಂತವನಿಗೆ ಅದರಲ್ಲಿ ಒಂದು ಬಿಡಿಗಾಸಿನ ಹಕ್ಕೂ ಇಲ್ಲ. ಯಜಮಾನನು ಯೋಗ್ಯನಾಗಿದ್ದು ಊರಿನ ನಾಡಿಯನ್ನು ಬಲ್ಲವನಾಗಿದ್ದರೆ ಸಂಸ್ಥೆಯು ಬಾಳುವುದು. ಹಾಗಿಲ್ಲದಿದ್ದರೆ?

ಆಕ್ರಿಂಗ್ಟನ್ನಿಗೆ ಸಮೀಪದ ಬೆರಿ ಎಂಬ ಊರಿನ ತಂಡವು 1885ರಲ್ಲಿ ಹುಟ್ಟಿ, 1900ರಲ್ಲಿಯೂ 1903ರಲ್ಲಿಯೂ ಎಫ್.ಎ. ಕಪ್ಪನ್ನು ಗೆದ್ದುದು. 1903ರ ಅಂತಿಮ ಪಂದ್ಯದಲ್ಲಿ ಅದು ಹೊಡೆದ 6 ಗೋಲುಗಳ ಅಂತರವನ್ನು 2019ರವರೆಗೆ ಯಾರೂ ಸರಿಗಟ್ಟಲಿಲ್ಲ. 2018ರ ಡಿಸೆಂಬರಿನಲ್ಲಿ ಆ ತಂಡವು ಒಂದೇ ಒಂದು ಪೌಂಡಿಗೆ ಕೈ ಬದಲಾಯಿಸಿತು. 2019ರ ವಸಂತದಲ್ಲಿ ಆಟಗಾರರು ಮೂರನೆಯ ಅಂತಸ್ತಿಗೆ ಬಡ್ತಿಯನ್ನು ಗಳಿಸಿಕೊಟ್ಟರು. ಆದರೆ ಸಂಬಳಕ್ಕೆ ಹಣವಿರಲಿಲ್ಲ. ಆಗಸ್ಟ್ 27ರಂದು, ಹೊಸ ಕೊಳ್ಳುವವರು ಬಂದಾರೆಂಬ ಆಶೆಯಿಂದ, ಊರಿನ ನೂರಾರು ಜನರು ಪೊರಕೆ ಬಕೆಟ್ಟುಗಳನ್ನು ಹಿಡಿದುಕೊಂಡು ಬಂದು ಗಿಗ್ ಲೇನ್ ಮೈದಾನವನ್ನು ಗುಡಿಸಿ ತೊಳೆದರು. ಅದೇ ದಿನ ರಾತ್ರಿ ಲೀಗಿನ ಅಧಿಕಾರಿಗಳು ಆ ತಂಡವನ್ನು ಹೊರಗೆ ಹಾಕಿದರು. 1894ರಿಂದ ನಡೆದುಬಂದಿದ್ದ 125 ವರ್ಷಗಳ ಸದಸ್ಯತ್ವವು ಹೀಗೆ ಮುಗಿಯಿತು. ಬಾಗಿಲು ಗುಡಿಸಿದವರ ಕೈಯಲ್ಲಿ ಪೊರಕೆಯಿತ್ತು. ಬೀಗದ ಕೈ ಇನ್ನೊಬ್ಬರ ಕಿಸೆಯಲ್ಲಿತ್ತು.

ಇಂತಹ ಪ್ರಸಂಗಗಳಲ್ಲಿ ಪರರನ್ನು ನಿಂದಿಸುವ ಮುಂಚೆ ನಮ್ಮವರ ಕಥೆಯೊಂದನ್ನೂ ಹೇಳಬೇಕಾಗಿದೆ. ಆಕ್ರಿಂಗ್ಟನ್ನಿನ ಪಕ್ಕದ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡವು 1995ರಲ್ಲಿ ಪ್ರೀಮಿಯರ್ ಲೀಗನ್ನು ಗೆದ್ದದ್ದು. 2010ರ ನವೆಂಬರಿನಲ್ಲಿ ಪುಣೆಯ ವೆಂಕೀಸ್ ಎಂಬ ಕೋಳಿಯ ವ್ಯಾಪಾರದ ಮನೆತನವು ಅದನ್ನು ಕೊಂಡಿತು. ನಮ್ಮ ದೇಶದ ಮನೆತನವೊಂದು ಲ್ಯಾಂಕಾಶೈರಿನಲ್ಲಿ ಒಡೆತನ ಪಡೆಯಿತೆಂದು ಅಂದು ಹಿಗ್ಗಿದವರುಂಟು. ಮುಂದಿನ ತಿಂಗಳಲ್ಲಿಯೇ ಅನುಭವಿಯಾದ ವ್ಯವಸ್ಥಾಪಕರನ್ನು ತೆಗೆದುಹಾಕಲಾಯಿತು. 2012ರಲ್ಲಿ ತಂಡವು ಎರಡನೆಯ ಅಂತಸ್ತಿಗೂ 2017ರಲ್ಲಿ ಮೂರನೆಯದಕ್ಕೂ ಇಳಿಯಿತು. 2012ರಲ್ಲಿ ಅಭಿಮಾನಿಗಳು ಪ್ರತಿಭಟನೆಗಾಗಿ ತಂಡದ ಬಣ್ಣದ ಬಟ್ಟೆ ಹೊದಿಸಿದ ಜೀವಂತ ಕೋಳಿಯೊಂದನ್ನು ಆಟದ ಬಯಲಿಗೇ ಬಿಟ್ಟರು! ಒಡೆಯರು ಅಪಾರ ಹಣವನ್ನು ಸುರಿದದ್ದೂ, 2018ರಲ್ಲಿ ತಂಡವು ಮತ್ತೆ ಒಂದು ಮೆಟ್ಟಿಲು ಏರಿದ್ದೂ ನಿಜ. ಆದರೆ ಸಾವಿರಾರು ಮೈಲಿ ದೂರದಲ್ಲಿ ಕುಳಿತು ಒಂದು ಊರಿನ ಅಭಿಮಾನವನ್ನು ಆಳುವುದು ಎಷ್ಟು ಕಷ್ಟವೆಂಬುದನ್ನು ದೂರದಿಂದ ಆಳಿಸಿಕೊಂಡ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಒಡೆಯನು ಲಂಡನ್ನಿನವನಾದರೂ ಪುಣೆಯವನಾದರೂ ಪರಾಧೀನತೆಯ ರುಚಿಯು ಒಂದೇ.

ಹತ್ತು ಜನರ ಹುಲ್ಲುಕಡ್ಡಿ

ಈಗ ಆ ತೋಯ್ದ ಬಟ್ಟೆಯ ಎಕ್ಸಿಟರಿನವನ ಕಡೆಗೆ ತಿರುಗೋಣ. ಅವನಿಗೂ ಬೆರಿಯವನಿಗೂ ಇರುವ ಭೇದವು ದೊಡ್ಡದು. 2003ರಲ್ಲಿ ಎಕ್ಸಿಟರ್ ಸಿಟಿಯು 1920ರಿಂದ ಇದ್ದ ಲೀಗಿನಿಂದ ಹೊರಬಿದ್ದು, ಸಾಲಗಾರರ ಕಾಟದಿಂದ ಅಳಿಯುವ ಸ್ಥಿತಿಯಲ್ಲಿತ್ತು. ಆಗ ಅಭಿಮಾನಿಗಳೇ ಕೂಡಿ ಕಟ್ಟಿದ ಟ್ರಸ್ಟ್ ತಂಡದ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬಂತೆ ಮನೆಮನೆಯ ಸಣ್ಣ ವಂತಿಗೆಗಳು ಸೇರಿದವು. 2005ರ ಜನವರಿಯ ಎಫ್.ಎ. ಕಪ್ಪಿನ ಪಂದ್ಯದಲ್ಲಿ ಅವರಿಗೆ ಎದುರಾಳಿಯಾಗಿ ಮ್ಯಾಂಚೆಸ್ಟರ್ ಯುನೈಟೆಡ್ ದೊರೆಯಿತು. ಲೀಗಿನ ಹೊರಗಿನ ಈ ತಂಡವು ಆ ಮಹಾತಂಡವನ್ನು ಅದರ ಮನೆಯಲ್ಲಿಯೇ 0–0ರಲ್ಲಿ ತಡೆದು ನಿಲ್ಲಿಸಿತು. ಮರುಪಂದ್ಯದಲ್ಲಿ ಸೋತರೂ, ಎರಡು ಪಂದ್ಯಗಳಿಂದ ಬಂದ ಹಣವು ಸಾಲದ ಹೊರೆಯನ್ನು ಇಳಿಸಿತು. 2008ರಲ್ಲಿ ತಂಡವು ಲೀಗಿಗೆ ಹಿಂದಿರುಗಿತು. 2022ರಲ್ಲಿ ಮೂರನೆಯ ಅಂತಸ್ತಿಗೆ ಏರಿತು. ಹಳೆಯ ಘನತೆಯೂ ಅದಕ್ಕೆ ಇಲ್ಲದಿಲ್ಲ: 1914ರ ಜುಲೈ 21ರಂದು ಬ್ರೆಜಿಲ್ ದೇಶದ ರಾಷ್ಟ್ರೀಯ ತಂಡವು ತನ್ನ ಪ್ರಪ್ರಥಮ ಪಂದ್ಯವನ್ನು ಆಡಿದ್ದು ಇದೇ ಎಕ್ಸಿಟರಿನೊಡನೆ!

ಆದುದರಿಂದ ಆಕ್ರಿಂಗ್ಟನ್ನಿನ ಮೆಟ್ಟಿಲುಗಳ ಮೇಲೆ ನಿಂತ ಆ ಎಕ್ಸಿಟರಿನ ಅಂಚೆಯವನು ಬರಿಯ ಪ್ರೇಕ್ಷಕನಲ್ಲ. ತನ್ನ ಸ್ವತ್ತಿನ ಯೋಗಕ್ಷೇಮವನ್ನು ನೋಡಿಕೊಳ್ಳಲು 250 ಮೈಲಿ ಬಂದ ಯಜಮಾನ. ಅವನು ಬಯ್ದರೆ ಅದು ಯಜಮಾನನ ಬಯ್ಗಳು. ಚಪ್ಪಾಳೆ ತಟ್ಟಿದರೆ ಅದೂ ಹಾಗೆಯೇ. ಧನಿಕರ ಬೆಂಬಲವಿಲ್ಲದ ತಂಡವು ಶಿಖರವನ್ನೇರುವುದು ಕಷ್ಟವೆಂದು ಅವನಿಗೆ ಗೊತ್ತು. ಆದರೂ ಬೆಳಗಾಗುವುದರೊಳಗೆ ಊರಿನ ತಂಡವು ಮಾಯವಾಗುವುದೆಂಬ ಭಯವು ಅವನಿಗೆ ಕಡಿಮೆ.

ಬೆರಿಯ ಜನರೂ ಸುಮ್ಮನೆ ಕೂಡಲಿಲ್ಲ. 2022ರ ಫೆಬ್ರವರಿಯಲ್ಲಿ, ತಮ್ಮ ವಂತಿಗೆಗೆ ಸರ್ಕಾರದ ಸಹಾಯದ್ರವ್ಯವನ್ನೂ ಸೇರಿಸಿ, ಅವರು ಗಿಗ್ ಲೇನನ್ನು ಕೊಂಡುಕೊಂಡರು. 2023ರಲ್ಲಿ ಒಡೆದುಹೋಗಿದ್ದ ಎರಡು ಪಂಗಡಗಳೂ ಒಂದಾಗಿ, ಬಹಳ ಕೆಳಗಿನ ಅಂತಸ್ತಿನಲ್ಲಿ ಅಲ್ಲಿಯೇ ಆಟವನ್ನು ಮತ್ತೆ ಆರಂಭಿಸಿದರು. ಕೊನೆಗೆ ಬ್ರಿಟಿಷ್ ಪಾರ್ಲಿಮೆಂಟೂ ಎಚ್ಚತ್ತಿತು. 2025ರ ಜುಲೈಯಲ್ಲಿ ಅಂಗೀಕೃತವಾದ ಶಾಸನದ ಮೇರೆಗೆ ಸ್ವತಂತ್ರ ನಿಯಂತ್ರಣ ಸಂಸ್ಥೆಯೊಂದು ಏರ್ಪಟ್ಟಿದೆ. ಮೇಲಿನ ಐದು ಅಂತಸ್ತುಗಳ ತಂಡಗಳನ್ನು ಕೊಳ್ಳಬಯಸುವವರ ಯೋಗ್ಯತೆಯನ್ನು ಪರೀಕ್ಷಿಸುವುದು ಆ ಸಂಸ್ಥೆಯ ಕರ್ತವ್ಯ. ತಂಡಗಳು ಮುಖ್ಯ ವಿಷಯಗಳಲ್ಲಿ ಅಭಿಮಾನಿಗಳ ಅಭಿಪ್ರಾಯವನ್ನು ಕೇಳಬೇಕೆಂದೂ ಆ ಶಾಸನವು ವಿಧಿಸಿದೆ. ಊರಿನವರು ಮಳೆಯಲ್ಲಿ ನಿಲ್ಲದೆ ಹೋಗಿದ್ದರೆ ಈ ಶಾಸನವು ಹುಟ್ಟುತ್ತಿರಲಿಲ್ಲವೆಂದು ನಮ್ಮ ನಂಬಿಕೆ.

ನಮ್ಮ ಕಡೆಗೆ

ಕನ್ನಡನಾಡಿಗೂ ಈ ಆಟದಲ್ಲಿ ಕೀರ್ತಿಯಿಲ್ಲದಿಲ್ಲ. ಬ್ರಿಟಿಷ್ ಪಟಾಲಮುಗಳ ಸೊತ್ತಾಗಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲು ಗೆದ್ದ ಭಾರತೀಯ ತಂಡವು ಬೆಂಗಳೂರು ಮುಸ್ಲಿಮ್ಸ್. ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು, ಕೊನೆಯದು 1968–69ರಲ್ಲಿ. 54 ವರ್ಷಗಳ ತರುವಾಯ, 2023ರ ಮಾರ್ಚ್ 4ರಂದು, ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ ಅದನ್ನು ಮತ್ತೆ ತಂದಿತು. ಆದರೆ ಆ ಅಂತಿಮ ಪಂದ್ಯವು ನಡೆದದ್ದು ಎಲ್ಲಿ? ಸೌದಿ ಅರೇಬಿಯದ ರಿಯಾದ್ ನಗರದಲ್ಲಿ! ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿಯೋ ಶಿವಾಜಿನಗರದಲ್ಲಿಯೋ ಈ ಆಟವನ್ನು ತಲೆಮಾರುಗಳಿಂದ ಸಾಕಿದ ಬಡವನು ಬಸ್ಸು ಹತ್ತಿ ಹೋಗಿ ಮೆಟ್ಟಿಲಿನ ಮೇಲೆ ನಿಲ್ಲುವುದಕ್ಕೆ ಅಲ್ಲಿ ಮಾರ್ಗವಿತ್ತೇ? ಅರ್ಧ ಶತಮಾನ ಕಾದವನಿಗೆ ಜಯದ ದಿನ ಬಾಗಿಲು ದೂರವಾಯಿತು.

ಚೆಂಡಾಟವನ್ನು ಬದಿಗಿರಿಸಿದರೂ ಪಾಠವು ಉಳಿಯುವುದು. ನಮ್ಮ ಪಟ್ಟಣಗಳಲ್ಲಿ ಹಿರಿಯರು ಕಾಸು ಕಾಸು ಕೂಡಿಸಿ ಕಟ್ಟಿದ ಸಂಘಗಳಿವೆ, ಪುಸ್ತಕಭಂಡಾರಗಳಿವೆ, ಗರಡಿಮನೆಗಳಿವೆ, ವಿದ್ಯಾಸಂಸ್ಥೆಗಳಿವೆ. ವಾರ್ಷಿಕೋತ್ಸವದ ದಿನ ಮಂತ್ರಿಗಳು ಬಂದರೆ ಕುಳಿತುಕೊಳ್ಳಲು ಸ್ಥಳವಿರುವುದಿಲ್ಲ. ಲೆಕ್ಕ ಒಪ್ಪಿಸುವ ಸಾಮಾನ್ಯ ಸಭೆಗೆ ಕೋರಮ್ಮೂ ಕೂಡುವುದಿಲ್ಲ. ಅನಂತರ ಸಂಸ್ಥೆಯು ಯಾರೋ ಒಬ್ಬರ ಕಿಸೆಯನ್ನು ಸೇರಿದಾಗ ಎಲ್ಲರೂ ಕಾಲವನ್ನು ದೂಷಿಸುತ್ತೇವೆ. ಕಾಲದ ಅಪರಾಧವೇನು? ಬೀಗದ ಕೈಯನ್ನು ನಾವೇ ಬಿಟ್ಟುಕೊಟ್ಟೆವು.

ಅಧಿಕಾರಿವರ್ಗದ ವಾಚಕರಿಗೆ ನಮ್ಮ ವಿಜ್ಞಾಪನೆಯೊಂದೇ. ಊರಿನ ಮೈದಾನವನ್ನೂ ಸಂಘದ ನಿವೇಶನವನ್ನೂ ಕುರಿತ ಕಾಗದವು ಮೇಜಿನ ಮೇಲೆ ಬಂದಾಗ ಅರ್ಜಿದಾರನ ಹಣದ ಚೀಲವನ್ನು ಮಾತ್ರ ನೋಡದೆ, ಆ ಸ್ಥಳಕ್ಕೆ ವರ್ಷಗಟ್ಟಲೆ ಬಂದು ಹೋದ ಜನರನ್ನೂ ಕರೆದು ಕೇಳಿರಿ. ಪಟ್ಟಣವಾಸಿಗಳಾದ ವಾಚಕರಿಗೆ ನಾವು ಹೇಳುವುದು ಇನ್ನೂ ಸುಲಭವಾದುದು. 250 ಮೈಲಿಯ ಹಾದಿ ನಿಮ್ಮದಲ್ಲ. ಎರಡು ಬೀದಿಗಳ ಹಾದಿ. ನಿಮ್ಮ ಸಂಘದ ಸಾಮಾನ್ಯ ಸಭೆಯ ನೋಟೀಸು ಈ ಸಲ ಬಂದಾಗ, ಮಳೆಯಿದ್ದರೆ ಛತ್ರಿ ಹಿಡಿದುಕೊಂಡು ಹೋಗಿ, ಲೆಕ್ಕ ಓದಿ ಮುಗಿಯುವವರೆಗೆ ಕುಳಿತುಕೊಳ್ಳಿರಿ.